ಹೊರಡುವ ಮುನ್ನದ ವಾರಗಳು: ಒಂದು ಸೈನಿಕ ಕುಟುಂಬದ ಪ್ರಕರಣ

ಈ ಪ್ರಕರಣದ ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಇದನ್ನು ಬರೆಯುತ್ತಿದ್ದೇನೆ.

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾಗವಾಗಿ ದಕ್ಷಿಣ ಸುಡಾನಿಗೆ ಹೊರಟಿದ್ದ ಬೆಟಾಲಿಯನ್ ಒಂದರಲ್ಲಿ ಸೆಕ್ಷನ್ ಕಮಾಂಡರ್ (ಸಣ್ಣ ತುಕಡಿಯ ನಾಯಕ) ಆಗಿದ್ದ 34 ವರ್ಷದ ಸೈನಿಕರು ಪತ್ನಿಯೊಡನೆ ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ, ಪ್ರಯಾಣಕ್ಕೆ ಇನ್ನು ಐದು ವಾರ ಉಳಿದಿತ್ತು. ಅವರಿಗೆ ಆರು ವರ್ಷದ ಮಗನಿದ್ದಾನೆ. ಗಡಿ ಕರ್ತವ್ಯದ ಅಗಲಿಕೆ ಈ ಮನೆಗೆ ಹೊಸದಲ್ಲವಾದರೂ ದೇಶದ ಹೊರಗಿನ ನಿಯೋಜನೆ ಇದೇ ಮೊದಲನೆಯದು. ಬಾಗಿಲು ಹಾಕಿದ ಸದ್ದಿಗೂ ಪತಿ ರೇಗುತ್ತಾರೆ, ಉಳಿದ ಹೊತ್ತು ಮೌನವಾಗಿ ಕೂರುತ್ತಾರೆ ಎಂದು ಪತ್ನಿ ದೂರಿದರು. ಆಮೇಲೆ ತಲೆ ತಗ್ಗಿಸಿ, "ಹೋಗುವುದಾದರೆ ಬೇಗ ಹೋಗಿಬಿಡಲಿ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ" ಎಂದು ಹೇಳಿ ಅತ್ತರು.

ಆ ಮಾತಿಗೆ ನಾಚಬೇಕಾಗಿಲ್ಲ ಎಂಬುದನ್ನೇ ನಾನು ಮೊದಲು ಹೇಳಿದೆ. ನೌಕಾಪಡೆಯವರ ಪತ್ನಿಯರ ಅನುಭವವನ್ನು ಆಧರಿಸಿ ಕ್ಯಾಥ್ಲೀನ್ ವೆಸ್ಟಲ್ ಲೋಗನ್ 1987ರಲ್ಲಿ ವಿವರಿಸಿದ ಏಳು ಹಂತಗಳಲ್ಲಿ, ಹೊರಡುವ ಮುನ್ನ ಗಂಡಹೆಂಡಿರು ಒಬ್ಬರಿಂದೊಬ್ಬರು ಮನಸ್ಸನ್ನು ಬಿಡಿಸಿಕೊಳ್ಳುವ ಹಂತವೂ ಒಂದು. ಪ್ರೀತಿಯಿಂದ ಅಗಲುವುದಕ್ಕಿಂತ ಸಿಟ್ಟಿನಿಂದ ಅಗಲುವುದು ಆ ಹೊತ್ತಿಗೆ ಸುಲಭವೆನಿಸುತ್ತದೆ. ನನ್ನ ಅನುಭವದಲ್ಲಿ ಇಂಥ ಜಗಳಗಳಲ್ಲಿ ಹೆಚ್ಚಿನವು ದಾಂಪತ್ಯ ಹದಗೆಟ್ಟದ್ದರ ಲಕ್ಷಣವಲ್ಲ. ಹಾಗೆಂದು ಅವುಗಳಿಂದಾಗುವ ನೋವು ಕಡಿಮೆಯೇನೂ ಅಲ್ಲ.

ಪತಿಯ ಮನಸ್ಸು ಎಲ್ಲಿದೆಯೆಂದು ಕೇಳಿದೆ. ಬೆಳಗಿನಿಂದ ಗಸ್ತಿನ ಅಭ್ಯಾಸ, ಗುಂಡು ಹಾರಿಸಬಹುದಾದ ಮತ್ತು ಹಾರಿಸಬಾರದ ಸಂದರ್ಭಗಳ ನಿಯಮ, ನಾಗರಿಕರ ರಕ್ಷಣೆಯ ಪಾಠ, ಹಡಗಿನಲ್ಲಿ ಮುಂಚಿತವಾಗಿ ಹೋಗಬೇಕಾದ ವಾಹನ ಮತ್ತು ಸಾಮಾನುಗಳ ಲೆಕ್ಕ, ಇಷ್ಟನ್ನು ಮುಗಿಸಿ ಮನೆಗೆ ಬಂದರೂ ತಮ್ಮ ಕೈಕೆಳಗಿನ ಒಂಬತ್ತು ಹುಡುಗರನ್ನು ಹಾಗೆಯೇ ಮರಳಿ ಕರೆತರಬಲ್ಲೆನೇ ಎಂಬ ಚಿಂತೆ ಬಿಡುವುದಿಲ್ಲವೆಂದರು. ಇದನ್ನು ಮನೆಯಲ್ಲಿ ಹೇಳಿದರೆ ಆಕೆಗೆ ನಿದ್ದೆ ಬರುವುದಿಲ್ಲವೆಂದು ಹೇಳಿಲ್ಲವಂತೆ. ಪಕ್ಕದಲ್ಲಿದ್ದ ಆಕೆ, "ಹೇಳದಿದ್ದರೂ ಬರುತ್ತಿಲ್ಲ" ಎಂದರು. ಆ ದಿನ ನಡೆದ ಮಾತುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಅದೇ ಎಂದು ಈಗಲೂ ನನಗನ್ನಿಸುತ್ತದೆ.

ಎರಡನೆಯ ಭೇಟಿಯಲ್ಲಿ ಮಗನ ವಿಚಾರ ಬಂತು. ಮಗು ರಾತ್ರಿ ಎದ್ದು ಬಂದು ತಂದೆಯ ಹಣೆ ಮುಟ್ಟಿ ನೋಡುತ್ತಿತ್ತು. ವಿಚಾರಿಸಿದಾಗ ತಿಳಿದದ್ದಿಷ್ಟು: ಹಳದಿ ಜ್ವರದ ಲಸಿಕೆಯನ್ನು ಆ ದೇಶ ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು, ಮಲೇರಿಯಾ ತಡೆಗೆಂದು ಕೊಡುವ ಮೆಫ್ಲೋಕ್ವಿನ್ ಮಾತ್ರೆಯನ್ನು ವಾರಕ್ಕೊಂದರಂತೆ, ಪ್ರಯಾಣಕ್ಕೆ ಎರಡು ಮೂರು ವಾರ ಮೊದಲೇ ಆರಂಭಿಸಬೇಕು. ತೋಳಿನ ಮೇಲಿನ ಹತ್ತಿಯನ್ನೂ ಮೇಜಿನ ಮೇಲಿನ ಮಾತ್ರೆಗಳನ್ನೂ ತಾಯಿಯ ಕಣ್ಣೀರನ್ನೂ ಒಟ್ಟು ಸೇರಿಸಿ, ಅಪ್ಪನಿಗೆ ದೊಡ್ಡ ಕಾಯಿಲೆಯಿದೆ, ಅದಕ್ಕೇ ಎಲ್ಲಿಗೋ ಕರೆದೊಯ್ಯುತ್ತಾರೆ ಎಂದು ಮಗು ತಾನೇ ತೀರ್ಮಾನಿಸಿಕೊಂಡಿತ್ತು. ತಂದೆಯಾದರೋ ಮಗ ಮಲಗಿರುವಾಗಲೇ ಸದ್ದಿಲ್ಲದೆ ಹೊರಟುಬಿಡಬೇಕೆಂದು ಯೋಚಿಸಿದ್ದರು.

ಸಾಮಾನ್ಯವಾಗಿ ನಾನು ನಿರ್ಧಾರವನ್ನು ದಂಪತಿಗೇ ಬಿಡುತ್ತೇನೆ. ಇಲ್ಲಿ ಮಾತ್ರ ಸ್ಪಷ್ಟವಾಗಿ ಬೇಡವೆಂದೆ. ಎದ್ದಾಗ ಅಪ್ಪನಿಲ್ಲದ ಮಗು ಆಮೇಲೆ ತಾಯಿಯನ್ನೂ ಬಿಟ್ಟು ಮಲಗಲು ಹೆದರುತ್ತದೆ. ತಂದೆಯೇ ನಕಾಶೆ ತೋರಿಸಿ ಹೇಳಲಿ, ಮಾತ್ರೆ ಸೊಳ್ಳೆ ಕಚ್ಚಿ ಜ್ವರ ಬಾರದಿರಲೆಂದು ಎಂದು ವಿವರಿಸಲಿ, ಅಳು ಬಂದರೆ ಮಗುವಿನ ಮುಂದೆಯೇ ಅಳಲಿ ಎಂದೆ. ಮರಳುವ ದಿನಾಂಕವನ್ನು ಗೋಡೆಗೆ ಬರೆದು ದಿನ ಎಣಿಸುವುದು ಬೇಡವೆಂದೂ ಸೂಚಿಸಿದೆ, ಏಕೆಂದರೆ ಪಡೆಗಳು ಬದಲಾಗುವ ದಿನಾಂಕ ಅವರ ಕೈಯಲ್ಲಿರುವುದಿಲ್ಲ.

ಹೊರಡುವ ದಿನಾಂಕವೂ ಅವರ ಕೈಯಲ್ಲಿರಲಿಲ್ಲ. ವಿಮಾನ ಎರಡು ಬಾರಿ ಮುಂದಕ್ಕೆ ಹೋಯಿತು. ಬೀಳ್ಕೊಟ್ಟು ಮುಗಿದ ಮೇಲೆ ಆ ವ್ಯಕ್ತಿ ಕಟ್ಟಿದ ಕಿಟ್ ಸಮೇತ ಮನೆಗೆ ಮರಳಿ ಬಂದು ಕೂತಾಗ ಇಬ್ಬರಿಗೂ ಏನು ಮಾಡಬೇಕೆಂದು ತೋಚದೆ ಬೇರೆಬೇರೆ ಕೋಣೆಗಳಲ್ಲಿದ್ದರು. ಪತ್ನಿ ಕರೆ ಮಾಡಿದಾಗ ನಾನು ಕೊಟ್ಟ ಸಲಹೆ ಇಷ್ಟೇ: ಬೀಳ್ಕೊಡುಗೆಯನ್ನು ಮತ್ತೆ ಮಾಡಬೇಡಿ, ಸಿಕ್ಕ ದಿನವನ್ನು ಸಾಮಾನ್ಯ ದಿನದಂತೆ ಕಳೆಯಿರಿ, ಅವರೇ ಮಗನನ್ನು ಶಾಲೆಗೆ ಬಿಟ್ಟು ಬರಲಿ.

ಹೊರಡುವ ಮೊದಲು ಬ್ಯಾಂಕ್ ಖಾತೆ ಮತ್ತು ಪತಿಯ ಪರವಾಗಿ ಪತ್ನಿ ವ್ಯವಹರಿಸಲು ಬೇಕಾದ ಅಧಿಕಾರಪತ್ರದ ಕೆಲಸ ಮುಗಿಸಿಕೊಂಡರು. ಕರೆ ಬಾರದಿದ್ದರೆ ಕೆಟ್ಟದ್ದಾಯಿತೆಂದು ಭಾವಿಸಬಾರದೆಂಬ ಒಪ್ಪಂದವನ್ನೂ ಮಾಡಿಸಿದೆ. ಮಳೆಗಾಲದಲ್ಲಿ ಅಲ್ಲಿನ ಮಣ್ಣಿನ ರಸ್ತೆಗಳು ಕೆಸರಾಗಿ ಸಂಚಾರವೇ ನಿಂತುಹೋಗುತ್ತದೆ. ಗಸ್ತಿಗೆ ಹೋದವರು ಹೇಳಿದ ದಿನಕ್ಕೆ ಶಿಬಿರಕ್ಕೆ ಮರಳದಿರಬಹುದು. ಯಾರಿಗಾದರೂ ಅಪಾಯವಾದಾಗ ಅವರ ಮನೆಯವರಿಗೆ ಅಧಿಕೃತವಾಗಿ ತಿಳಿಸುವವರೆಗೆ ಎಲ್ಲರ ಕರೆಗಳನ್ನೂ ತಡೆಹಿಡಿಯುವ ಕ್ರಮ ಕೆಲವು ಸೇನೆಗಳಲ್ಲಿದೆ. ಆದ್ದರಿಂದ ವದಂತಿಗೆ ಕಿವಿಗೊಡದೆ, ಊರಿನಲ್ಲೇ ಉಳಿದ ತುಕಡಿಯ (ರಿಯರ್ ಪಾರ್ಟಿ) ಅಧಿಕಾರಿಯನ್ನು ಮಾತ್ರ ವಿಚಾರಿಸಬೇಕೆಂದು ನಿಶ್ಚಯಿಸಿಕೊಂಡೆವು.

ಮೊದಲ ತಿಂಗಳು ಕಷ್ಟದ್ದಾಗಿತ್ತು. ಅವರು ಹೋದ ಮೇಲೆ ಮನೆ ಹಗುರವಾಯಿತೆನ್ನಿಸಿದ್ದಕ್ಕೆ ಪತ್ನಿ ತಮ್ಮನ್ನೇ ಹಳಿದುಕೊಂಡರು. ವಾರಗಟ್ಟಲೆ ಬಿಗಿಹಿಡಿದ ಕೈ ಸಡಿಲಾದಾಗ ಹಗುರವೆನ್ನಿಸುವುದು ಸಹಜವೆಂದು ಸಮಾಧಾನ ಹೇಳಿದೆ. ಫೋನಿನಲ್ಲಿ ಪತಿಯ ಮಾತು "ಆರಾಮಿದ್ದೀನಿ" ಎನ್ನುವುದಕ್ಕೇ ಮುಗಿಯುತ್ತಿತ್ತು. ಪ್ರತಿ ಕರೆಯಲ್ಲೂ ಇಬ್ಬರೂ ಆ ದಿನ ಕಂಡ ಒಂದು ಸಣ್ಣ ಸಂಗತಿಯನ್ನು ಹೇಳಲಿ, ಮನೆಯ ನಿರ್ಧಾರಗಳನ್ನು ಅಲ್ಲಿಂದ ಕೇಳುವುದು ಬೇಡ ಎಂದೆ. ಭಯಾನಕ ಕನಸುಗಳು ಬೀಳುತ್ತಿವೆಯೆಂದು ಪತಿ ಮೂರನೆಯ ವಾರ ಹೇಳಿದಾಗ, ಮೆಫ್ಲೋಕ್ವಿನ್‌ನಿಂದ ಹಾಗಾಗುವುದುಂಟು, ಧೈರ್ಯದ ಪ್ರಶ್ನೆಯೆಂದು ಮುಚ್ಚಿಡದೆ ಅಂದೇ ಪಡೆಯ ವೈದ್ಯರಿಗೆ ತಿಳಿಸಿ ಎಂದು ಒತ್ತಾಯಿಸಿದೆ. ವೈದ್ಯರು ಔಷಧ ಬದಲಿಸಿದರು. ಹೊಸ ಮಾತ್ರೆ ದಿನವೂ ತೆಗೆದುಕೊಳ್ಳುವಂಥದ್ದು. ಕರೆ ಸಿಕ್ಕ ದಿನ ಅದನ್ನು ನೆನಪಿಸುವ ಕೆಲಸವನ್ನು ಮಗ ವಹಿಸಿಕೊಂಡಿದ್ದಾನೆ.

ಮುಂದಿನ ಭೇಟಿಯನ್ನು ಅವರು ಮರಳುವುದಕ್ಕೆ ಒಂದು ತಿಂಗಳು ಮೊದಲು ಇಟ್ಟುಕೊಂಡಿದ್ದೇವೆ. ಅಷ್ಟರಲ್ಲಿ ಆ ಮನೆ ಅವರಿಲ್ಲದೆ ನಡೆಯುವುದನ್ನು ಕಲಿತಿರುತ್ತದೆ. ಅವರಿಗೆ ಮತ್ತೆ ಜಾಗ ಮಾಡಿಕೊಡುವುದರ ಕುರಿತು ಆಗ ಮಾತಾಡಬೇಕಿದೆ.