ಪ್ರತಿಕ್ರಿಯೆ: ತಪ್ಪು ಲೋಕೋ ಪೈಲಟ್ ಒಬ್ಬರದೇನಾ?

ಪಶ್ಚಿಮ ಬಂಗಾಳದ ಕಾಂಚನಜುಂಗಾ ಎಕ್ಸ್‌ಪ್ರೆಸ್ ಅಪಘಾತದಲ್ಲಿ, ಅದಕ್ಕೆ ಹಿಂದಿನಿಂದ ಬಂದು ಗುದ್ದಿದ ಗೂಡ್ಸ್ ರೈಲಿನ ಲೋಕೋ ಪೈಲಟ್ (ಚಾಲಕ) ಅವರದೇ ತಪ್ಪು ಅಲ್ವಾ ಎಂದು ಕೇಳಿದ್ದೀರಿ. ಅಪಘಾತವಾದ ದಿನ, 2024ರ ಜೂನ್ 17ರಂದು, ರೈಲ್ವೆ ಮಂಡಳಿಯೂ ಹಾಗೇ ಹೇಳಿತ್ತು. ಪಾಪ, ಉತ್ತರ ಕೊಡಲು ಆ ಮನುಷ್ಯ ಬದುಕಿರಲಿಲ್ಲ.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಬೇರೆಯದೇ ಹೊರಬಂತು. ಅಂದು ಬೆಳಗ್ಗೆಯಿಂದ ಆಟೋಮ್ಯಾಟಿಕ್ ಸಿಗ್ನಲ್ ಕೆಟ್ಟಿತ್ತು. ಕೆಂಪು ದೀಪ ದಾಟಿ ಹೋಗಲು ಸ್ಟೇಷನ್ನಿನಿಂದಲೇ ಚೀಟಿ ಕೊಟ್ಟಿದ್ದರು. ಎಷ್ಟು ವೇಗದಲ್ಲಿ ಹೋಗಬೇಕು ಎಂದು ಅದರಲ್ಲಿ ಬರೆದೇ ಇರಲಿಲ್ಲ! ಸಿಗ್ನಲ್ ಕೆಟ್ಟ ಮೇಲೆ ಆ ಹಾದಿಗೆ ಬಂದ ಏಳು ರೈಲುಗಳಲ್ಲಿ ನಿಯಮದಂತೆ ಗಂಟೆಗೆ 15 ಕಿ.ಮೀ. ಮೀರದೆ, ಪ್ರತಿ ಸಿಗ್ನಲ್‌ನಲ್ಲೂ ಒಂದು ನಿಮಿಷ ನಿಂತು ಹೋದದ್ದು ಕಾಂಚನಜುಂಗಾ ಒಂದೇ. ಈ ಗೂಡ್ಸ್ ರೈಲೂ ಸೇರಿ ಉಳಿದ ಆರೂ ರೈಲುಗಳಲ್ಲಿ ಅದೇ ತಪ್ಪು ಆಗಿದ್ದರೆ, ಸುಮ್ನೆ ಒಬ್ಬರ ಅಜಾಗರೂಕತೆ ಎನ್ನುವುದು ಹೇಗೆ? ಸಿಬ್ಬಂದಿಗೆ ಈ ನಿಯಮ ಸರಿಯಾಗಿ ಕಲಿಸಿರಲಿಲ್ಲ ಎಂದೂ ವರದಿಯಲ್ಲಿದೆ.