ಪ್ಯಾಟರ್ಸನ್ನಿನ ಪೆರು ಹೋಟೆಲಿನಲ್ಲಿ ಏನು ಕೇಳಬೇಕು, ಏನು ಬಿಡಬೇಕು

ನ್ಯೂಜೆರ್ಸಿಯ ಕ್ಲಿಫ್ಟನ್ನಿಗೆ ಹೊಸದಾಗಿ ಬಂದಿದ್ದೀರಿ, ಪಕ್ಕದ ಪ್ಯಾಟರ್ಸನ್ನಿನಲ್ಲಿ ಎತ್ತ ನೋಡಿದರೂ ಪೆರು ದೇಶದವರ ಹೋಟೆಲುಗಳು. ನೀವು ಕೋಳಿ, ಮೀನು ತಿನ್ನುವವರು, ನಿಮ್ಮ ಮನೆಯವರು ಮೊಟ್ಟೆಯನ್ನೂ ಮುಟ್ಟದವರು. ಇಬ್ಬರೂ ಒಟ್ಟಿಗೆ ಕೂತು ಉಣ್ಣಬಹುದೇ ಎಂದು ಕೇಳಿದ್ದೀರಿ. ಖಂಡಿತ ಉಣ್ಣಬಹುದು. ಆದರೆ ಮೆನುವಿನಲ್ಲಿ ವೆಜಿಟೇರಿಯನ್ ಪುಟ ಹುಡುಕಬೇಡಿ. ಇದ್ದರೂ ಅಲ್ಲಿ ಸಿಗುವುದು ಒಂದು ಸಲಾಡ್, ಒಂದು ‘ಚೌಫಾ’ ಎಂಬ ಫ್ರೈಡ್ ರೈಸ್, ಅದರಲ್ಲೂ ಮೊಟ್ಟೆ. ಸಸ್ಯಾಹಾರಿಗೆ ಊಟ ಇರುವುದು ‘ಗ್ವಾರ್ನಿಸಿಯೋನೆಸ್’ ಎಂಬ ಪಟ್ಟಿಯಲ್ಲಿ, ಅಂದರೆ ಊಟದ ಜೊತೆಗಿನ ಪಕ್ಕದ ತಿನಿಸುಗಳಲ್ಲಿ. ಅದು ಸಾಮಾನ್ಯವಾಗಿ ಕಡೇ ಪುಟದ ಮೂಲೆಯಲ್ಲಿರುತ್ತದೆ.

ಮೊದಲು ನಿಮ್ಮದು ಮುಗಿಸೋಣ, ಸುಲಭ. ಮೊದಲ ಭೇಟಿಗೆ ‘ಪೋಯೊ ಅ ಲಾ ಬ್ರಾಸಾ’ ತೆಗೆದುಕೊಳ್ಳಿ. ಸೋಯಾ ಸಾಸ್, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹಚ್ಚಿ ನೆನೆಸಿಟ್ಟ ಇಡೀ ಕೋಳಿಯನ್ನು ಕೆಂಡದ ಮುಂದೆ ಸರಳಿನಲ್ಲಿ ತಿರುಗಿಸಿ ಸುಡುತ್ತಾರೆ. 1950ರ ಸುಮಾರಿಗೆ ಪೆರುವಿನ ರಾಜಧಾನಿ ಲೀಮಾ ಹೊರವಲಯದಲ್ಲಿ ರೋಜರ್ ಶೂಲರ್ ಎಂಬ ಸ್ವಿಸ್ ಮನುಷ್ಯ ಶುರುಮಾಡಿದ್ದು, ಈಗ ಪೆರುವಿನ ಮನೆಮಾತು. ಕಾಲು, ಅರ್ಧ, ಇಡಿ ಎಂದು ಮಾರುತ್ತಾರೆ: ‘ಕ್ವಾರ್ತೊ’, ‘ಮೇದಿಯೊ’, ‘ಎಂತೇರೊ’. ಇಡೀ ಕೋಳಿ, ಜೊತೆಗಿನ ಆಲೂಗಡ್ಡೆ ಫ್ರೈ ಮತ್ತು ಸಲಾಡ್ ನಾಲ್ವರಿಗೆ ಸಾಕು. ಕಾಲು ಕೋಳಿ ಕೇಳಿದರೆ ತೊಡೆಯ ಭಾಗವೋ ಎದೆಯ ಭಾಗವೋ ಎಂದು ಕೇಳುತ್ತಾರೆ. ತೊಡೆ ಎನ್ನಿ, ಅದಕ್ಕೆ ‘ಪಿಯೆರ್ನಾ’. ಜನ ಕಡಿಮೆಯಾದ ಹೊತ್ತಿನಲ್ಲಿ ಕೋಳಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ, ಆಗ ಎದೆಯ ಮಾಂಸ ಬತ್ತಿಹೋಗುತ್ತದೆ. ಪಾರ್ಸೆಲ್ ಒಯ್ಯುವುದಾದರೆ ಫ್ರೈ ಬೇರೆ ಡಬ್ಬಿಯಲ್ಲಿ ಹಾಕಿಸಿ, ಮುಚ್ಚಳ ಅರೆ ತೆರೆದಿಡಿ. ಕೋಳಿಯ ಹಬೆಗೆ ಅದು ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ.

‘ಲೋಮೊ ಸಾಲ್ತಾದೊ’ ಎಂದರೆ ದನದ ಮಾಂಸ. ಬೇಡವಾದರೆ ‘ಪೋಯೊ ಸಾಲ್ತಾದೊ’ ಕೇಳಿ, ಅದೇ ಈರುಳ್ಳಿ, ಟೊಮೆಟೊ, ಸೋಯಾ, ಕೋಳಿಯಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಕೂಲಿಗೆ ಬಂದ ಚೀನೀಯರಿಂದ ಪೆರುವಿಗೆ ಬಂದ ಬಾಣಲೆಯಡುಗೆ ಇದು. ತಟ್ಟೆಯಲ್ಲಿ ಅನ್ನ, ಆಲೂ ಫ್ರೈ ಎರಡೂ ಇರುತ್ತವೆ, ಒಂದು ತಟ್ಟೆ ಇಬ್ಬರಿಗಾದೀತು. ದನ ಹುರಿದ ಬಾಣಲೆಯೇ ಕೋಳಿಗೂ ಬರುತ್ತದೆ ಎಂಬುದು ನೆನಪಿರಲಿ. ‘ಅಂತಿಕೂಚೊ’ ಎಂದು ಸರಳಿಗೆ ಚುಚ್ಚಿ ಕೊಡುವುದು ದನದ ಹೃದಯ.

ಈಗ ನಿಮ್ಮ ಮನೆಯವರ ಊಟ. ‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಸಾಲದು. ಕೆಂಪು ಮಾಂಸ ಬೇಡವೆಂದುಕೊಂಡು ಕೋಳಿ ಹಾಕಿ ತರುವ ಸಂಭವ ಉಂಟು. ಒಂದೊಂದನ್ನೂ ಹೆಸರಿಸಿ: ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ, ಸಿನ್ ವೇವೊ’. ‘ಪೆಸ್ಕಾದೊ’ ಮೀನು, ಕಡೆಯದು ಮೊಟ್ಟೆ. ಮೇಜಿಗೆ ತಾನಾಗಿ ಬರುವ ಹುರಿದ ಮುಸುಕಿನ ಜೋಳ ‘ಕಾಂಚಾ’ ನಿಶ್ಚಿಂತೆಯಿಂದ ತಿನ್ನಿ. ಅದರ ಪಕ್ಕದಲ್ಲೇ ಬರುವ ಹಸಿರು ಸಾಸ್ ಮಾತ್ರ ಮೋಸ ಮಾಡುತ್ತದೆ. ನೋಡಲು ನಮ್ಮ ಕೊತ್ತಂಬರಿ ಚಟ್ನಿಯ ಹಾಗೇ, ಒಳಗೆ ಬಹುಪಾಲು ಮೇಯನೇಸ್, ಅಂದರೆ ಮೊಟ್ಟೆ. ಅದರ ಬದಲು ‘ಸಾಲ್ಸಾ ಕ್ರಿಯೋಯಾ’ ಕೇಳಿ: ನಿಂಬೆರಸದಲ್ಲಿ ನೆನೆಸಿದ ಕೆಂಪು ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ. ಖಾರ ಸಾಲದಿದ್ದರೆ ‘ರೊಕೋತೊ’ ಕೇಳಿ. ಕ್ಯಾಪ್ಸಿಕಂ ತರಹದ ದಪ್ಪ ಮೆಣಸಿನಕಾಯಿ, ಕಪ್ಪು ಬೀಜ, ಖಾರ ಮಾತ್ರ ತಮಾಷೆಯಲ್ಲ.

ತಟ್ಟೆಯನ್ನು ಹೀಗೆ ಕಟ್ಟಿಕೊಳ್ಳಿ: ‘ಯೂಕಾ ಫ್ರೀತಾ’ ಎಂಬ ಕರಿದ ಮರಗೆಣಸು, ‘ಚೋಕ್ಲೊ ಕೊನ್ ಕೇಸೊ’ ಎಂಬ ದಪ್ಪಕಾಳಿನ ಬೇಯಿಸಿದ ಜೋಳ ಮತ್ತು ಚೀಸ್, ಕರಿದ ಮಾಗಿದ ಬಾಳೆ, ಅನ್ನ, ಹಳದಿ ಬೀನ್ಸ್ ಕಾಳಿನ ‘ಫ್ರೆಹೋಲೆಸ್’. ಕಾಳನ್ನು ಹಂದಿಮಾಂಸ ಹಾಕಿ ಬೇಯಿಸುವ ಅಡುಗೆಮನೆಗಳಿವೆ, ಕೇಳಿಯೇ ತರಿಸಿ. ಅನ್ನಕ್ಕೆ ಕೋಳಿ ಸ್ಟಾಕ್ ಹಾಕಿದ್ದಾರೆಯೇ ಎಂದೂ ಕೇಳಿ. ‘ಪಾಪಾ ಅ ಲಾ ವಾಂಕಾಯೀನಾ’ ತಪ್ಪಿಸಬೇಡಿ: ತಣ್ಣನೆಯ ಬೇಯಿಸಿದ ಆಲೂಗಡ್ಡೆ, ಮೇಲೆ ಹಳದಿ ಮೆಣಸಿನಕಾಯಿ, ಚೀಸ್, ಹಾಲು, ಬಿಸ್ಕತ್ತು ರುಬ್ಬಿದ ಸಾಸ್. ಮೇಲಿಡುವ ಮೊಟ್ಟೆಯ ಹೋಳು ಬೇಡವೆನ್ನಿ. ಗೋಧಿ ಆಗದವರು ಬಿಸ್ಕತ್ತಿನಿಂದಾಗಿ ಬಿಡಬೇಕು. ‘ತಾಯರೀನೆಸ್ ವೆರ್ದೆಸ್’ ಪಾಲಕ್, ಬೇಸಿಲ್ ರುಬ್ಬಿದ ನೂಡಲ್ಸ್, ಮೇಲಿನ ಮಾಂಸದ ತುಂಡು ಬೇಡ ಎಂದರಾಯಿತು. ‘ಕಾವ್ಸಾ’ ಬಿಡಿ: ಆಲೂಗಡ್ಡೆಯ ಪದರಗಳ ನಡುವೆ ಕೋಳಿಯೋ ಟ್ಯೂನಾ ಮೀನೋ ಮೊದಲೇ ತುಂಬಿಟ್ಟಿರುತ್ತಾರೆ, ತೆಗೆಯಲಾಗದು. ಕರಿಯುವ ಎಣ್ಣೆ ಎಲ್ಲಕ್ಕೂ ಒಂದೇ. ಅದು ಒಪ್ಪದವರಿಗೆ ಮರಗೆಣಸು, ಬಾಳೆ ಎರಡೂ ಇಲ್ಲ.

ಸೆವಿಚೆ ಎರಡನೇ ಭೇಟಿಗಿರಲಿ. ಹಸಿ ಮೀನಿನ ತುಂಡು, ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ, ಪಕ್ಕದಲ್ಲಿ ಬೇಯಿಸಿದ ಗೆಣಸು. ಹುಳಿ ತಾಗಿ ಮೀನು ಬೆಳ್ಳಗಾಗುತ್ತದೆ, ಗಟ್ಟಿಯಾಗುತ್ತದೆ, ಆದರೆ ಬೇಯುವುದಿಲ್ಲ. ನಿಂಬೆಗೆ ಪರಾವಲಂಬಿ ಹುಳುಗಳು ಸಾಯುವುದಿಲ್ಲ. ಅದಕ್ಕೆ ಮೀನನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ 7 ದಿನ ಇಟ್ಟಿರಬೇಕು, ಒಳ್ಳೆಯ ಹೋಟೆಲಿನವರು ಕೇಳಿದರೆ ಹೇಳುತ್ತಾರೆ. ಗರ್ಭಿಣಿಯರಿಗೆ ಬೇಡವೇ ಬೇಡ. ಲೀಮಾದಲ್ಲಿ ಇದು ಮಧ್ಯಾಹ್ನದ ಊಟ. ಇಲ್ಲೂ ಜನ ತುಂಬಿರುವ ಶನಿವಾರ, ಭಾನುವಾರದ ಮಧ್ಯಾಹ್ನವೇ ಸರಿ. ಪಾರ್ಸೆಲ್ ಮಾಡಿಸಬೇಡಿ, ಮನೆ ತಲುಪುವಷ್ಟರಲ್ಲಿ ಮೀನು ರಬ್ಬರ್.

ಕುಡಿಯಲು ‘ಚಿಚಾ ಮೊರಾದಾ’: ನೇರಳೆ ಜೋಳವನ್ನು ಅನಾನಸ್ ಸಿಪ್ಪೆ, ಚಕ್ಕೆ, ಲವಂಗದೊಂದಿಗೆ ಕುದಿಸಿ ಸಕ್ಕರೆ, ನಿಂಬೆ ಹಾಕಿದ್ದು, ಮದ್ಯವಿಲ್ಲ. ‘ಚಿಚಾ ದೆ ಹೋರಾ’ ಹುದುಗಿಸಿದ್ದು, ಅದು ಬೇರೆ. ಹಳದಿ ಬಣ್ಣದ ಇಂಕಾ ಕೋಲಾದಲ್ಲಿ ಕೆಫೀನ್ ಇದೆ, ರಾತ್ರಿ ಮಕ್ಕಳಿಗೆ ಕೊಡಬೇಡಿ. ‘ಪಿಸ್ಕೊ ಸವರ್’ ಎಂಬ ಮದ್ಯದ ಪಾನೀಯದ ನೊರೆ ಹಸಿ ಮೊಟ್ಟೆಯ ಬಿಳಿಭಾಗ, ನಿಮ್ಮ ಮನೆಯವರು ಗುಟುಕೂ ಹಾಕುವಂತಿಲ್ಲ. ಸಿಹಿಗೆ ‘ಪಿಕರೋನೆಸ್’: ಕುಂಬಳ, ಗೆಣಸಿನ ಹಿಟ್ಟಿನ ಬಿಸಿ ಬಳೆಗಳು, ಮೇಲೆ ಬೆಲ್ಲದ ಪಾಕ. ಹಿಟ್ಟಿಗೆ ಮೊಟ್ಟೆ ಹಾಕುವವರೂ ಇದ್ದಾರೆ, ವಿಚಾರಿಸಿ.

ಬಿಲ್ಲಿಗೆ ನ್ಯೂಜೆರ್ಸಿಯ 6.625 ಪ್ರತಿಶತ ತೆರಿಗೆ ಸೇರುತ್ತದೆ. ಕೂತು ಉಂಡರೆ ಟಿಪ್ 18ರಿಂದ 20 ಪ್ರತಿಶತ, ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು. ದೊಡ್ಡ ಗುಂಪಾಗಿ ಹೋದಾಗ ಅದನ್ನು ಬಿಲ್ಲಿನಲ್ಲೇ ಸೇರಿಸಿರುವುದುಂಟು. ಕಾರ್ಡು ಕೊಡುವ ಮೊದಲು ‘ಗ್ರಾಚುಯಿಟಿ’ ಅಥವಾ ‘ಪ್ರೊಪೀನಾ’ ಎಂಬ ಸಾಲು ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಎರಡೆರಡು ಸಲ ಕೊಟ್ಟು ಬರುತ್ತೀರಿ.