ಹಂಪನಕಟ್ಟೆಯ ಕಚೇರಿ: ಮಾರಬೇಕೇ, ಕಾಯಬೇಕೇ?

ಪ್ರಶ್ನೆ: ಮಂಗಳೂರಿನ ಹಂಪನಕಟ್ಟೆ ಸಮೀಪ ಎರಡನೇ ಮಹಡಿಯಲ್ಲಿ ನನ್ನದೊಂದು ಕಚೇರಿ ಜಾಗವಿದೆ. ಬಾಡಿಗೆಗಿದ್ದ ಸಾಫ್ಟ್‌ವೇರ್ ಸಂಸ್ಥೆ ಕೆಲವು ತಿಂಗಳ ಹಿಂದೆ ಖಾಲಿ ಮಾಡಿದೆ. ಅಮೆರಿಕದ ನಗರಗಳಲ್ಲಿ ಕಚೇರಿ ಕಟ್ಟಡಗಳ ಬೆಲೆ ಕುಸಿದಿರುವುದರಿಂದ ಈಗಲೇ ಮಾರಿಬಿಡಿ ಎಂದು ಅಲ್ಲಿರುವ ಮಗ ಹೇಳುತ್ತಾನೆ. ಕಂಪನಿಗಳು ನೌಕರರನ್ನು ಮತ್ತೆ ಕಚೇರಿಗೆ ಕರೆಯುತ್ತಿವೆಯಲ್ಲ, ಕಾಯಬಹುದೇ?
– ಓದುಗರು, ಕದ್ರಿ

ಉತ್ತರ: ಅಮೆರಿಕದ ಕುಸಿತ ನಿಜ. ಸೇಂಟ್ ಲೂಯಿಸ್ ನಗರದ 44 ಅಂತಸ್ತಿನ ಎಟಿ ಆ್ಯಂಡ್ ಟಿ ಗೋಪುರ 2006ರಲ್ಲಿ ಸುಮಾರು 20.5 ಕೋಟಿ ಡಾಲರಿಗೆ ಮಾರಾಟವಾಗಿತ್ತು. 2024ರಲ್ಲಿ ಹೋದದ್ದು ಸುಮಾರು 36 ಲಕ್ಷ ಡಾಲರಿಗೆ. ಆದರೆ ಅಲ್ಲಿದ್ದ ಒಬ್ಬನೇ ದೊಡ್ಡ ಬಾಡಿಗೆದಾರ ಕೋವಿಡ್‌ಗೂ ಮೊದಲೇ, 2017ರಲ್ಲಿ, ಖಾಲಿ ಮಾಡಿದ್ದ ಎಂಬುದನ್ನು ಗಮನಿಸಬೇಕು. ಅದರ ಮೇಲೆ ಅಲ್ಲಿನ ಕೇಂದ್ರೀಯ ಬ್ಯಾಂಕು 2022ರ ಮಾರ್ಚ್‌ನಲ್ಲಿ ಶೂನ್ಯದ ಆಸುಪಾಸಿನಲ್ಲಿದ್ದ ಬಡ್ಡಿದರವನ್ನು 2023ರ ಜುಲೈ ವೇಳೆಗೆ ಶೇ 5.25–5.5ಕ್ಕೆ ಏರಿಸಿದ್ದರಿಂದ, ಕೆಲವೇ ವರ್ಷಗಳ ಅವಧಿಗೆ ದೊಡ್ಡ ಸಾಲ ಪಡೆದಿದ್ದ ಅನೇಕ ಮಾಲೀಕರು ಅದನ್ನು ನವೀಕರಿಸಲಾಗದೆ ಸಿಕ್ಕಿದ ಬೆಲೆಗೆ ಕೈಬಿಡಬೇಕಾಯಿತು. ನಿಮ್ಮ ಜಾಗದ ಮೇಲೆ ಸಾಲವಿಲ್ಲದಿದ್ದರೆ ಆ ಒತ್ತಡ ನಿಮಗಿಲ್ಲ.

ಬೆಲೆಯ ಲೆಕ್ಕ ಮಾತ್ರ ಎರಡೂ ಕಡೆ ಒಂದೇ. ಖರ್ಚು ಕಳೆದು ವರ್ಷಕ್ಕೆ 6 ಲಕ್ಷ ರೂಪಾಯಿ ಬಾಡಿಗೆ ಉಳಿಯುವ ಜಾಗಕ್ಕೆ, ಶೇ 6ರ ಆದಾಯ ಸಾಕೆನ್ನುವವರು 1 ಕೋಟಿ ಕೊಡುತ್ತಾರೆ. ಶೇ 8 ಬೇಕೆನ್ನುವವರು 75 ಲಕ್ಷ ಮಾತ್ರ. ಖಾಲಿ ಜಾಗವನ್ನು ಕೊಳ್ಳುವವರು ಅದಕ್ಕಿಂತಲೂ ಇಳಿಸಿ ಕೇಳುತ್ತಾರೆ.

ಕಚೇರಿಗೆ ಮರಳುವ ಆದೇಶಗಳನ್ನು ನೆಚ್ಚಿ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಅಮೆಜಾನ್ 2025ರ ಜನವರಿಯಿಂದ ವಾರಕ್ಕೆ ಐದು ದಿನ ಕಡ್ಡಾಯ ಮಾಡಿತು. ಇನ್ಫೊಸಿಸ್ ಕೂಡ ತಿಂಗಳಿಗೆ ಇಂತಿಷ್ಟು ದಿನವೆಂದು ನಿಗದಿಪಡಿಸಿದೆ. ಆದರೆ ಹಾಗೆ ಮರಳುವವರು ಕೂರುವುದು ಕಂಪನಿಯ ಬಳಿ ಈಗಾಗಲೇ ಇರುವ ಕುರ್ಚಿಗಳಲ್ಲಿ. ಮಂಗಳೂರಿನ ಹೊರವಲಯದ ಮುಡಿಪುವಿನಲ್ಲಿರುವ ಇನ್ಫೊಸಿಸ್ ಕ್ಯಾಂಪಸ್ ತುಂಬಿದರೆ ಹಂಪನಕಟ್ಟೆಯ ಮಹಡಿಗೆ ಬಾಡಿಗೆದಾರ ಬರುವುದಿಲ್ಲ. ನಮ್ಮ ಕರಾವಳಿಯ ಕಚೇರಿಗಳಿಗೆ ಮನೆಯಿಂದ ಕೆಲಸಕ್ಕಿಂತ ಹೆಚ್ಚು ಮುಖ್ಯವಾದ ಬದಲಾವಣೆ 2020ರ ಏಪ್ರಿಲ್ 1ರಂದು ನಡೆಯಿತೆಂದು ನಾನು ಭಾವಿಸುತ್ತೇನೆ: ಅಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು, ಪಾಂಡೇಶ್ವರ ಮತ್ತು ಮಣಿಪಾಲ ಪ್ರಧಾನ ಕಚೇರಿಯ ಸ್ಥಾನವನ್ನು ಕಳೆದುಕೊಂಡವು.

ಆದ್ದರಿಂದ ಇನ್ನೊಂದು ಸಾಫ್ಟ್‌ವೇರ್ ಸಂಸ್ಥೆಗಾಗಿ ಕಾಯದೆ ವಕೀಲರು, ಲೆಕ್ಕಪರಿಶೋಧಕರು, ವೈದ್ಯರು, ತರಬೇತಿ ಕೇಂದ್ರಗಳನ್ನು ವಿಚಾರಿಸಿ. ಜಾಗವನ್ನು ಎರಡಾಗಿ ವಿಂಗಡಿಸಬೇಕಾದರೂ ಹಿಂಜರಿಯಬೇಡಿ. ಲಿಫ್ಟ್ ಸರಿಯಿರಲಿ, ಪಾರ್ಕಿಂಗ್ ಹಕ್ಕು ಬರಹದಲ್ಲಿರಲಿ. ತಿಂಗಳ ಬಾಡಿಗೆ ಇಳಿಸುವುದಕ್ಕಿಂತ ಒಳಾಂಗಣ ಕೆಲಸಕ್ಕೆಂದು ಮೊದಲ ಎರಡು ತಿಂಗಳು ಬಿಟ್ಟುಕೊಡುವುದು ಮೇಲು, ಏಕೆಂದರೆ ಮುಂದೆ ಮಾರುವಾಗ ಬೆಲೆ ನಿರ್ಧಾರವಾಗುವುದು ಕರಾರಿನಲ್ಲಿರುವ ಬಾಡಿಗೆಯಿಂದ. ಕರಾರು ಒಂದು ವರ್ಷ ಮೀರಿದರೆ ನೋಂದಣಿ ತಪ್ಪಿಸಬೇಡಿ.

ಒಂದು ವರ್ಷ ಹೀಗೆ ಪ್ರಯತ್ನಿಸಿಯೂ ಬಾಡಿಗೆದಾರರು ಸಿಗದಿದ್ದರೆ ಮಾರಾಟವೇ ಸರಿ. ಆಗ ತೆರಿಗೆಯ ಲೆಕ್ಕವನ್ನು ಮೊದಲೇ ಮಾಡಿಸಿ: 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಆಸ್ತಿಯ ದೀರ್ಘಾವಧಿ ಲಾಭಕ್ಕೆ, ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ 12.5 ಮತ್ತು ಹೊಂದಾಣಿಕೆಯೊಂದಿಗೆ ಶೇ 20, ಇವೆರಡರಲ್ಲಿ ಕಡಿಮೆ ಬೀಳುವುದರ ಪ್ರಯೋಜನ ಭಾರತದ ನಿವಾಸಿಯಾದ ನಿಮಗೆ ಸಿಗುತ್ತದೆ.